ರೆಫರಿಯೇ ಸೋಲಿಸ್ತಾನೆ ಅಂತ ನಾನೂ ನೋಟ್‌ಬುಕ್ ಬರೆದಿದ್ದೆ

ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು. ಆಮೇಲೆ ಹೊಟ್ಟೆಯೊಳಗೆ ಏನೋ ಕಲಕಿದ ಹಾಗಾಯ್ತು. ಕತಾರ್ ವಿರುದ್ಧ ಭಾರತ ಸೋತ ವಿಶ್ವಕಪ್ ಅರ್ಹತಾ ಪಂದ್ಯದ ನಂತರ ರೆಫರಿಗಳ ಅನ್ಯಾಯಗಳನ್ನೆಲ್ಲ ಪಟ್ಟಿ ಮಾಡ್ತಾ ಬಂದಿದ್ದೀರಿ. ದೊಡ್ಡ ಮಟ್ಟದ ಫುಟ್‌ಬಾಲಲ್ಲೂ ಗೆಲುವು ಸೋಲು ರೆಫರಿ ಕೈಯಲ್ಲೇ ಇದ್ದರೆ ನೋಡೋದನ್ನೇ ಬಿಡಲಾ ಅಂತ ಕೇಳಿದ್ದೀರಿ. ನನ್ನ ಹತ್ತಿರವೂ ಅಂಥ ಪಟ್ಟಿ ಇತ್ತು. 200 ಪುಟದ ಉದ್ದ ನೋಟ್‌ಬುಕ್. ಮೊದಲ ಪುಟದಲ್ಲಿ 2010ರ ವಿಶ್ವಕಪ್, ಜರ್ಮನಿ ವಿರುದ್ಧ ಇಂಗ್ಲೆಂಡಿನ ಲ್ಯಾಂಪಾರ್ಡ್ ಹೊಡೆದ ಚೆಂಡು. ಗೆರೆ ದಾಟಿ ಒಳಗೆ ಬಿದ್ದದ್ದು ಇಡೀ ಲೋಕಕ್ಕೆ ಕಂಡಿತು, ರೆಫರಿಗೆ ಕಾಣಲಿಲ್ಲ. ನಾನು ಇಂಗ್ಲೆಂಡ್ ಅಭಿಮಾನಿಯೂ ಅಲ್ಲ. ಆದರೂ ಸಿಟ್ಟಿನಲ್ಲಿ ಬರೆದಿಟ್ಟೆ.

ಆ ಸಿಟ್ಟು ನಾಲ್ಕು ವರ್ಷದಲ್ಲಿ ಎಲ್ಲಿಗೆ ಮುಟ್ಟಿತು ಅಂತ ಹೇಳ್ತೀನಿ.

ನಾನು ಬಂಗಾರಪೇಟೆಯವನು. ನಮ್ಮ ಕಡೆ ಹುಡುಗರ ಕೈಗೆ ಮೊದಲು ಸಿಗೋದು ಕ್ರಿಕೆಟ್ ಬ್ಯಾಟು. ಆದರೆ ಕೆಜಿಎಫ್ ಪಕ್ಕದಲ್ಲೇ ಇರೋದರಿಂದ ಫುಟ್‌ಬಾಲ್ ಹುಚ್ಚು ನಮಗೂ ಅಂಟಿತ್ತು. ಗಣಿ 2001ರಲ್ಲಿ ಮುಚ್ಚಿತು, ಚೆಂಡು ಒದೆಯೋದು ನಿಲ್ಲಲಿಲ್ಲ. 2014ರಲ್ಲಿ ಅಲ್ಲಿ ಒಂದು ಟೂರ್ನಮೆಂಟಿನ ಫೈನಲ್‌ಗೆ ನಮ್ಮ ತಂಡ ಬಂತು. ನಾನು ಕೀಪರ್, ಕ್ಯಾಪ್ಟನ್ನೂ ನಾನೇ. ಗಣಿಯ ತ್ಯಾಜ್ಯ ಸುರಿದು ಆದ ಸೈನೈಡ್ ಗುಡ್ಡ ಕಾಣುವ ಗ್ರೌಂಡು. ಹುಲ್ಲು ನಾಲ್ಕು ಮೂಲೆಯಲ್ಲಿ ಮಾತ್ರ. ಗಾಳಿ ಎದ್ದರೆ ಗುಡ್ಡದ ಬೂದು ಪುಡಿ ಕಣ್ಣಿಗೇ ಬರುತ್ತೆ.

ಬೆಳಿಗ್ಗೆ ನಮ್ಮ ಹುಡುಗನೊಬ್ಬ ಓಡಿ ಬಂದು, "ಅಣ್ಣಾ, ರೆಫ್ರಿ ಅವರ ಮ್ಯಾನೇಜರ್ ಜೊತೆ ಟೀ ಕುಡೀತಾವ್ನೆ" ಅಂದ. ಮುಗೀತು. ಆಟ ಶುರುವಾಗೋಕೆ ಮುಂಚೆಯೇ ನಮ್ಮ ಹನ್ನೊಂದು ಜನರ ತಲೆಯಲ್ಲೂ ಆ ರೆಫರಿ ಮಾರಿಕೊಂಡವರು. ಆ ಗ್ರೌಂಡಿನ ಆಸುಪಾಸಲ್ಲಿ ಇದ್ದದ್ದೇ ಒಂದು ಟೀ ಅಂಗಡಿ. ಅವತ್ತು ಅದೇ ಬೆಂಚಿನಲ್ಲಿ ನಮ್ಮ ಚಿಕ್ಕಪ್ಪ ಕೂಡ ಅದೇ ರೆಫರಿ ಜೊತೆ ಟೀ ಕುಡಿದು, ದುಡ್ಡೂ ತಾವೇ ಕೊಟ್ಟಿದ್ದರಂತೆ. ಅದು ನನಗೆ ಗೊತ್ತಾದದ್ದು ಒಂದು ತಿಂಗಳ ಮೇಲೆ.

ಒಂದೊಂದು ಹಾಫ್ 35 ನಿಮಿಷದ್ದು. ಸ್ಕೋರು 1-1. 48ನೇ ನಿಮಿಷದಲ್ಲಿ ನಮ್ಮ ಡಿಫೆಂಡರ್ ಗೋಲಿನ ಮುಂದಿನ ಬಾಕ್ಸ್ ಹೊರಗೆ ಎದುರಿನವನ ತಲೆ ಎತ್ತರಕ್ಕೆ ಕಾಲೆತ್ತಿದ. ತಾಗಲಿಲ್ಲ. ರೆಫರಿ ವಿಸಿಲ್ ಹೊಡೆದು, ಒಂದು ಕೈ ನೆಟ್ಟಗೆ ಮೇಲೆತ್ತಿ ನಿಂತರು. ನಾನು "ಸಾರ್, ವಾಲ್ ಹಾಕ್ತೀವಿ" ಅಂತ ಕೂಗಿದೆ. ಮೇಲೆತ್ತಿದ ಆ ಕೈಯನ್ನ ನೋಡಿ, ಎದುರಿನವರಿಗೆ "ತಡೀರಿ" ಅಂತ ಹೇಳ್ತಿದ್ದಾರೆ ಅಂದುಕೊಂಡೆ. ಎಡಗಂಬ ಹಿಡಿದು, ಒಂದು ಕಣ್ಣು ಮುಚ್ಚಿ, ಚೆಂಡಿಗೆ ಅಡ್ಡ ಗೋಡೆ ಹಾಗೆ ಸಾಲಾಗಿ ನಿಂತ ನಮ್ಮವರನ್ನ ಅರ್ಧ ಹೆಜ್ಜೆ ಆ ಕಡೆ ಈ ಕಡೆ ಸರಿಸ್ತಾ ಇದ್ದೆ. ಅವರಲ್ಲೊಬ್ಬ ಚೆಂಡನ್ನ ಸುಮ್ನೆ ಪಕ್ಕಕ್ಕೆ ತಳ್ಳಿದ. ಇನ್ನೊಬ್ಬ ಖಾಲಿ ಇದ್ದ ಬಲಗಡೆ ಮೂಲೆಗೆ ಹೊಡೆದ. ನಾನು ಕಂಬ ಹಿಡ್ಕೊಂಡೇ ಇದ್ದೆ.

ಕೈ ಮೇಲೆತ್ತಿದರೆ "ಇನ್‌ಡೈರೆಕ್ಟ್ ಫ್ರೀ ಕಿಕ್" ಅಂತ ಅರ್ಥ. ಒದ್ದವನನ್ನ ಬಿಟ್ಟು ಇನ್ನೊಬ್ಬ ಆಟಗಾರನಿಗೂ ತಾಗದೆ ಗೋಲು ಲೆಕ್ಕಕ್ಕಿಲ್ಲ, ಆ ಎರಡನೇ ತಾಗುವಿಕೆವರೆಗೂ ರೆಫರಿ ಕೈ ಇಳಿಸಲ್ಲ. ಎದುರಾಳಿಗಳನ್ನ ಹತ್ತು ಯಾರ್ಡ್ ದೂರ ಕಳಿಸಿ ಅಂತ ಒದೆಯೋ ತಂಡ ಕೇಳದಿದ್ದರೆ, ಬೇಗ ಒದೆಯಬಹುದು. ಎರಡನೇ ವಿಸಿಲ್ ಬೇಕಾಗಿಲ್ಲ. ಹತ್ತು ವರ್ಷ ಕೀಪಿಂಗ್ ಮಾಡಿದವನಿಗೆ ಇಷ್ಟು ಗೊತ್ತಿರಲಿಲ್ಲ. ಕೇಳಿದರೆ ನಾಚಿಕೆ ಆಗುತ್ತೆ ಅಲ್ವಾ? ಆದರೆ ನನಗೆ ದುಬಾರಿ ಬಿದ್ದ ತಪ್ಪು ಇದಲ್ಲ. ಗೋಲು ತಿನ್ನೋದು ಕೀಪರ್ ಕೆಲಸದ ಒಂದು ಭಾಗ.

ತಪ್ಪು ನಡೆದದ್ದು ಆಮೇಲಿನ ಐದಾರು ನಿಮಿಷದಲ್ಲಿ. ಅದನ್ನ ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ನಾನು ಓಡಿ ಹೋಗಿ ರೆಫರಿ ಮುಂದೆ ಎದೆ ಕೊಟ್ಟು ನಿಂತೆ. ಹಳದಿ ಕಾರ್ಡ್ ತೋರಿಸಿದರು. ಹೊರಗಿನಿಂದ ಯಾರೋ "ಟೀ ಎಷ್ಟಾಯ್ತು ಸಾರ್?" ಅಂತ ಕೂಗಿದರು, ಜನ ನಕ್ಕರು. ಆ ನಗು ನನ್ನ ತಲೆಗೆ ಏರಿತು. "ಬನ್ರೋ ಎಲ್ಲಾ ಹೊರಗೆ" ಅಂದೆ. ಇಬ್ಬರು ಹುಡುಗರು ಹಿಂದೆಮುಂದೆ ನೋಡಿದರು, ಬೈದು ಕರೆದೆ. ಗೆರೆ ಹೊರಗೆ ಬಂದು ಶೂ ಬಿಚ್ಚಿದೆ. ಶೂ ಬಿಚ್ಚಿದ್ದು ಯಾಕೆ ಹೇಳ್ತಿದ್ದೀನಿ ಅಂದರೆ, ಬಿಚ್ಚದೇ ಇದ್ದಿದ್ದರೆ ವಾಪಸ್ ಹೋಗ್ತಿದ್ದೆನೋ ಏನೋ. ರೆಫರಿ ತಾವೇ ಗೆರೆವರೆಗೂ ನಡೆದು ಬಂದರು. ವಾಚ್ ನೋಡಿ, "ಕ್ಯಾಪ್ಟನ್, ಇನ್ನೂ 22 ನಿಮಿಷ ಇದೆ. ಆಡ್ತೀರಾ?" ಅಂದರು. ಮೆತ್ತಗೇ ಕೇಳಿದರು. ನಾನು ಮುಖ ತಿರುಗಿಸಿದೆ. ಇನ್ನೊಂದು ಸಲ ಕೇಳಿದರು. ಆಮೇಲೆ ಮೂರು ಸಲ ವಿಸಿಲ್ ಹೊಡೆದು ಮುಗಿಸಿದರು.

22 ನಿಮಿಷ ಅಂದರೆ ಎಷ್ಟು ಅಂತ ಯೋಚಿಸಿ. ಒಂದೇ ಗೋಲಿನ ಹಿನ್ನಡೆ. ಗಾಳಿ ನಮ್ಮ ಬೆನ್ನಿಗಿತ್ತು. ಅವರ ಒಳ್ಳೆಯ ಡಿಫೆಂಡರ್ ಕಾಲು ಕುಂಟುತ್ತಿದ್ದ, ಅವನ ಮೇಲೆ ಆಗಲೇ ಒಂದು ಹಳದಿ ಕಾರ್ಡೂ ಇತ್ತು. ಅವನ ಕಡೆಯಿಂದಲೇ ಓಡುತ್ತಿದ್ದವನು ನಮ್ಮ ಮುನಿ, 17 ವರ್ಷದ ಹುಡುಗ. ಅವನನ್ನ ನೋಡೋಕೆ ಅಂತಲೇ ಬೆಂಗಳೂರಿನ ಒಂದು ಕ್ಲಬ್ಬಿನಿಂದ ಒಬ್ಬರು ಬಂದಿದ್ದರು. ರೈಲು ತಡವಾಗಿ ಎರಡನೇ ಹಾಫ್ ಶುರುವಿಗೆ ಬಂದು ಕೂತರು. ಅವರು ಮುನಿಯ ಆಟ ನೋಡಿದ್ದು ಬರೀ 13 ನಿಮಿಷ. ನಾವು ಹೊರಗೆ ಬಂದ ಮೇಲೆ ಅವರು ಎದ್ದು, ಪ್ಯಾಂಟಿನ ಧೂಳು ಕೊಡವಿಕೊಂಡು ಹೋದರು. ಮತ್ತೆ ಬರಲಿಲ್ಲ. ನಮ್ಮ ಡೆಪಾಸಿಟ್ ಹೋಯ್ತು, ಎರಡು ವರ್ಷ ಆ ಟೂರ್ನಮೆಂಟಿಗೆ ಸೇರಿಸಲಿಲ್ಲ, ತಂಡ ಒಡೆಯಿತು. ಅವತ್ತು ರಾತ್ರಿ ಬಂಗಾರಪೇಟೆಯಲ್ಲಿ ಎಲ್ಲರೂ ನಿಂತು ಬಿಳಿ ಪಾನಿಯ ಪಾನಿಪುರಿ ತಿಂದೆವು. ಖಾರಕ್ಕೆ ಅಂತ ಕಣ್ಣು ಒರೆಸಿಕೊಂಡವರು ಎಷ್ಟು ಜನವೋ.

ರೆಫರಿ ನಮ್ಮಿಂದ ಕಿತ್ತುಕೊಂಡದ್ದು ಹೆಚ್ಚೆಂದರೆ ಒಂದು ಗೋಲು. ಅದೂ ನಿಯಮದ ಪ್ರಕಾರ ಸರಿಯಾದ ಗೋಲು. 22 ನಿಮಿಷ ಕಿತ್ತುಕೊಂಡವನು ನಾನು.

ಇನ್ನು ನಿಮ್ಮ ಪ್ರಶ್ನೆ. ರೆಫರಿಗಳೆಲ್ಲ ದೇವರು ಅಂತ ಹೇಳಲ್ಲ. ದುಡ್ಡಿಗೆ ಪಂದ್ಯ ತಿರುಗಿಸಿದವರು ಇದ್ದಾರೆ. ಜರ್ಮನಿಯ ರೆಫರಿ ರಾಬರ್ಟ್ ಹಾಯ್ಜರ್ ಬೆಟ್ಟಿಂಗ್ ಗುಂಪಿಗಾಗಿ ಪಂದ್ಯಗಳನ್ನ ಕೆಡಿಸಿದ್ದು 2005ರಲ್ಲಿ ಬಯಲಾಯ್ತು. ಹ್ಯಾಂಬರ್ಗ್‌ನಂಥ ದೊಡ್ಡ ತಂಡ ಮೂರನೇ ದರ್ಜೆಯ ಪಾಡರ್‌ಬಾರ್ನ್ ಕೈಯಲ್ಲಿ ಸೋಲೋ ಹಾಗೆ ಮಾಡಿದ್ದ. ಜೈಲಿಗೂ ಹೋದ. 2006ರಲ್ಲಿ ಇಟಲಿಯಲ್ಲಿ, ತಮಗೆ ಬೇಕಾದ ರೆಫರಿಗಳನ್ನ ಹಾಕಿಸಿಕೊಳ್ಳೋಕೆ ನೋಡಿದ ಹಗರಣದಲ್ಲಿ ಯುವೆಂಟಸ್ ಕ್ಲಬ್ ಕೆಳಗಿನ ಲೀಗಿಗೆ ಇಳಿಯಿತು. ಇವು ಮೋಸ, ಬೇರೆ ಮಾತಿಲ್ಲ. ಆದರೆ ನಿಮ್ಮ ಪಟ್ಟಿಯಲ್ಲಿ ಇರೋದು ಇಂಥವಲ್ಲ, ಕಣ್ತಪ್ಪುಗಳು. ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದೀರಿ. ನಾನೂ ಹಾಗೇ ತುಂಬಿದ್ದೆ.

ಪಕ್ಷಪಾತ ಇಲ್ವಾ? ಇದೆ. ಆದರೆ ಅದು ಲಂಚದ್ದಲ್ಲ, ಗದ್ದಲದ್ದು. ಸ್ಪೇನಿನ ಲೀಗ್ ಪಂದ್ಯಗಳ ಲೆಕ್ಕ ತೆಗೆದ ಅರ್ಥಶಾಸ್ತ್ರಜ್ಞರು ಒಂದು ವಿಷಯ ಕಂಡರು. ಊರಿನ ತಂಡ ಒಂದು ಗೋಲು ಹಿಂದಿದ್ದರೆ ರೆಫರಿಗಳು ಕೊನೆಗೆ ಸೇರಿಸುವ ಸಮಯ ಜಾಸ್ತಿ, ಒಂದು ಗೋಲು ಮುಂದಿದ್ದರೆ ಕಮ್ಮಿ. ಕೊರೊನಾ ಕಾಲದಲ್ಲಿ ಸ್ಟೇಡಿಯಂ ಖಾಲಿ ಇಟ್ಟು ಆಡಿಸಿದಾಗ, ಹೊರಗಿನಿಂದ ಬಂದ ತಂಡಕ್ಕೆ ಬೀಳ್ತಿದ್ದ ಹೆಚ್ಚಿನ ಹಳದಿ ಕಾರ್ಡುಗಳು ಕಮ್ಮಿಯಾದವು. ಅಂದರೆ ರೆಫರಿಯನ್ನ ಬಗ್ಗಿಸೋದು ಯಾರು? ನಾವೇ, ಗ್ಯಾಲರಿಯಲ್ಲಿ ಕೂತು ಬಾಯಿ ಬಡ್ಕೊಳ್ಳೋರು.

ಇದು ನನಗೆ ಮೈಗೆ ತಾಗಿದ್ದು 2023ರ ಮಾರ್ಚ್ 3ರಂದು. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಾಕೌಟ್ ಪಂದ್ಯ. ನಾನು ಗ್ಯಾಲರಿಯಲ್ಲಿದ್ದೆ. 90 ನಿಮಿಷ 0-0. ಎಕ್ಸ್‌ಟ್ರಾ ಟೈಮಿನಲ್ಲಿ ಒಂದು ಫ್ರೀ ಕಿಕ್. ಕೇರಳದವರು ಇನ್ನೂ ಸಜ್ಜಾಗ್ತಾ ಇರುವಾಗಲೇ ಸುನಿಲ್ ಛೇತ್ರಿ ಚೆಂಡನ್ನ ಬಲೆಗೆ ಕಳಿಸಿಬಿಟ್ಟರು. ಸುತ್ತ ಇದ್ದವರೆಲ್ಲ ಹಾರಿ ಕುಣೀತಿದ್ದರು. ನಾನು ಕೂತಲ್ಲೇ ಕೂತಿದ್ದೆ, ಕಂಬ ಹಿಡ್ಕೊಂಡ ಹಾಗೆ. ಕೇರಳದ ಕೋಚ್ ವುಕೊಮನೊವಿಚ್ ಕೈಬೀಸಿ ತಮ್ಮ ತಂಡವನ್ನ ಹೊರಗೆ ಕರೆದರು. ನಾನು ಪಕ್ಕದವರಿಗೆ ಕೇಳೋ ಹಾಗೆ "ಬೇಡ, ಬೇಡ" ಅಂದೆ. ಪಕ್ಕದವರು ನನ್ನನ್ನ ಕೇರಳದ ಕಡೆಯವನು ಅಂದುಕೊಂಡು ಗುರಾಯಿಸಿದರು! ಕೇರಳ ತಂಡ ವಾಪಸ್ ಬರಲಿಲ್ಲ. ಎಕ್ಸ್‌ಟ್ರಾ ಟೈಮಿನ ಬಹುಪಾಲು ಬಾಕಿ ಇತ್ತು. ಬೆಂಗಳೂರು 1-0 ಗೆದ್ದಿದೆ ಅಂತ ಘೋಷಿಸಿದರು. ಆಮೇಲೆ ಕ್ಲಬ್ಬಿಗೆ 4 ಕೋಟಿ ದಂಡ, ಕೋಚ್‌ಗೆ 10 ಪಂದ್ಯ ನಿಷೇಧ. ಆ ಪಂದ್ಯ ನಡೆದು ಎರಡು ವಾರಕ್ಕೆ ಫೈನಲ್‌ನಲ್ಲಿ ಮೋಹನ್ ಬಾಗಾನ್‌ಗೆ ಕೊಟ್ಟ ಪೆನಾಲ್ಟಿ ನೋಡಿ, ಬೆಂಗಳೂರು ಕಡೆಯವರೇ ರೆಫರಿಂಗ್ ಸರಿಯಿಲ್ಲ, ವಿಎಆರ್ (ವಿಡಿಯೊ ನೋಡಿ ರೆಫರಿ ತೀರ್ಪು ಪರೀಕ್ಷಿಸೋ ವ್ಯವಸ್ಥೆ) ಬೇಕು ಅಂತ ಕೂಗಿದರು. ನಮ್ಮ ಜನ!

ವಿಎಆರ್ ಬಂದರೆ ಎಲ್ಲ ಸರಿಹೋಗುತ್ತೆ ಅಂತ ನೀವೂ ಬರೆದಿದ್ದೀರಿ. ಇರಲಿ, ಬರಲಿ. ಆದರೆ 2023ರ ಸೆಪ್ಟೆಂಬರಲ್ಲಿ ಟಾಟೆನ್‌ಹ್ಯಾಮ್ ವಿರುದ್ಧ ಲಿವರ್‌ಪೂಲಿನ ಲೂಯಿಸ್ ಡಯಾಜ್ ಹೊಡೆದ ಗೋಲನ್ನ ನೆನಪಿಸಿಕೊಳ್ಳಿ. ಗೋಲು ಲೆಕ್ಕಕ್ಕಿಲ್ಲ ಅಂತ ಲೈನ್ಸ್‌ಮನ್ ಆಫ್‌ಸೈಡ್ ಬಾವುಟ ಎತ್ತಿದ್ದ. ವಿಎಆರ್ ಕೋಣೆಯಲ್ಲಿದ್ದವರು ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆ ಅಂದುಕೊಂಡು "ಸರಿಯಾಗಿದೆ" ಅಂದುಬಿಟ್ಟರು. ಸರಿಯಾದ ಗೋಲು ಹೋಯ್ತು. ನನ್ನ ಕೈ ಮೇಲೆತ್ತಿದ ಕಥೆಯ ಹಾಗೇ, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಬೇರೆ ಥರ ಕೇಳಿಸಿತು ಅಷ್ಟೇ.

ಕತಾರ್ ಪಂದ್ಯಕ್ಕೆ ಬರ್ತೀನಿ, ಏಕೆಂದರೆ ನಿಮ್ಮ ಸಿಟ್ಟೆಲ್ಲ ಅಲ್ಲೇ ಇದೆ. 2024ರ ಜೂನ್ 11, ದೋಹಾ. ನಮ್ಮ ಛಾಂಗ್ಟೆ ಹೊಡೆದ ಗೋಲಿನಿಂದ ಭಾರತ ಮುಂದಿತ್ತು. 73ನೇ ನಿಮಿಷದಲ್ಲಿ ಚೆಂಡು ಗೋಲ್ ಗೆರೆ ದಾಟಿ ಪೂರ್ತಿ ಹೊರಗೆ ಹೋಗಿತ್ತು. ಕತಾರ್‌ನವರು ಅದನ್ನ ಒಳಗೆ ಎಳೆದು ಗೋಲು ಹೊಡೆದರು, ರೆಫರಿ ಕೊಟ್ಟರು. ಕಣ್ಣಿದ್ದವರಿಗೆಲ್ಲ ಕಂಡ ತಪ್ಪು, ನಾನು ವಾದ ಮಾಡಲ್ಲ. ಅವತ್ತು ರಾತ್ರಿ ನಾನೂ ರಿಮೋಟ್ ಎಸೆದಿದ್ದೀನಿ. ಆದರೆ 85ನೇ ನಿಮಿಷದಲ್ಲಿ ತಿಂದ ಎರಡನೇ ಗೋಲನ್ನ ರೆಫರಿ ಹೊಡೆಯಲಿಲ್ಲ. ಅವತ್ತು ಕತಾರ್ ಇಳಿಸಿದ್ದೂ ಹೊಸ ಹುಡುಗರ ತಂಡ, ಅವರು ಆಗಲೇ ಮುಂದಿನ ಸುತ್ತಿಗೆ ಹೋಗಿಯಾಗಿತ್ತು. ಲೆಕ್ಕ ನೋಡಿ: ನಮಗೆ ಕೊನೆಗೆ ಸಿಕ್ಕಿದ್ದು 5 ಅಂಕ, ಮುಂದಕ್ಕೆ ಹೋದ ಕುವೈತ್‌ಗೆ 7. ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ, ನಮ್ಮದೇ ನೆಲದಲ್ಲಿ, ಅಫ್ಘಾನಿಸ್ತಾನದ ಕೈಯಲ್ಲಿ 1-2 ಸೋತೆವಲ್ಲ, ಅದೊಂದು ಗೆದ್ದಿದ್ದರೆ 8 ಆಗ್ತಿತ್ತು. ಆ ಪಂದ್ಯ ನಿಮ್ಮ ಪಟ್ಟಿಯಲ್ಲಿ ಇಲ್ಲ. ಯಾಕಿಲ್ಲ?

ಆದ್ದರಿಂದ ನೋಡೋದನ್ನ ಬಿಡಬೇಡಿ, ಪಟ್ಟಿ ಬರೆಯೋದನ್ನ ಬಿಡಿ. ಫುಟ್‌ಬಾಲಲ್ಲಿ ಗೋಲುಗಳೇ ಎರಡೋ ಮೂರೋ, ಹಾಗಾಗಿ ಒಂದು ತಪ್ಪು ವಿಸಿಲ್ ದೊಡ್ಡದಾಗಿ ಕಾಣುತ್ತೆ, ಕೆಲವು ಸಲ ನಿಜವಾಗಿಯೂ ಪಂದ್ಯ ಕೆಡಿಸುತ್ತೆ. ಆದರೆ "ಹೇಗಿದ್ರೂ ರೆಫ್ರಿ ಅವರ ಕಡೆ" ಅಂತ ನಂಬಿದ ತಂಡ ಅರ್ಧ ಸೆಕೆಂಡ್ ಓಟ ನಿಲ್ಲಿಸಿ ಕೈ ಎತ್ತುತ್ತೆ. ಎಷ್ಟೋ ಗೋಲು ಬೀಳೋದು ಆ ಅರ್ಧ ಸೆಕೆಂಡಲ್ಲೇ. ಪಟ್ಟಿ ಬಿಡೋಕಾಗಲ್ಲ ಅಂದರೆ, ನಿಮ್ಮ ತಂಡಕ್ಕೆ ಲಾಭವಾದ ತಪ್ಪುಗಳನ್ನೂ ಎದುರು ಪುಟದಲ್ಲಿ ಬರೀರಿ. ನಾನು ಬರೆಯೋಕೆ ಕೂತಾಗ ಒಂದೂ ನೆನಪಾಗಲಿಲ್ಲ.

ನೆನಪು ಮಾಡಿದ್ದು ಮುನಿ. ಅವನೀಗ ಕೋಲಾರದ ಮಂಡಿಯಿಂದ ಚೆನ್ನೈಗೆ ಟೊಮೆಟೊ ಲಾರಿ ಓಡಿಸ್ತಾನೆ. ಈಗಲೂ ಸಿಕ್ಕರೆ "ಅಣ್ಣಾ" ಅಂತಾನೆ, ಟೀ ಕುಡಿಸ್ತಾನೆ. ಹೋದ ವರ್ಷ ಮಂಡಿ ಗೇಟಿನ ಹತ್ತಿರ ಲೋಡಿಗೆ ಕಾಯ್ತಾ ನಿಂತಿದ್ದಾಗ ಈ ಎದುರು ಪುಟದ ವಿಷಯ ಹೇಳಿದೆ. ಅವನು ಜೋರಾಗಿ ನಕ್ಕ. "ಅಣ್ಣಾ, ಆ ಟೂರ್ನಮೆಂಟ್ ಸೆಮಿಫೈನಲ್‌ನಲ್ಲಿ ನಾನು ಹೊಡೆದ ಗೋಲು ಕೈಗೆ ತಾಗಿ ಒಳಗೆ ಹೋಗಿದ್ದು. ಅವತ್ತೂ ಅದೇ ರೆಫ್ರಿ ಅಲ್ವಾ? ನಿಮಗೆ ಗೊತ್ತೇ ಇಲ್ವಾ?" ಅಂದ.

ಮನೆಗೆ ಬಂದು ಅಟ್ಟದ ಮೇಲಿಂದ ನೋಟ್‌ಬುಕ್ ಇಳಿಸಿದೆ. ಆ ಸೆಮಿಫೈನಲ್ ದಿನದ ಪುಟ ಹುಡುಕಿದೆ. ಒಂದೇ ಸಾಲು ಇತ್ತು: "ಲೈನ್ಸ್‌ಮನ್ ಎರಡು ಸಲ ಸುಳ್ಳು ಆಫ್‌ಸೈಡ್ ಕೊಟ್ಟ."