ಸೈಪ್ರಸ್: ಮಾತುಕತೆ ಮುರಿದರೆ ನಷ್ಟ ಯಾರಿಗೆ?

ಮಡಿಕೇರಿಯಿಂದ ಪತ್ರ ಬರೆದಿರುವ ಓದುಗರಿಗೆ ನಮಸ್ಕಾರ.

ಸೈಪ್ರಸ್ ಕುರಿತು ನಾವು ಪ್ರಕಟಿಸಿದ್ದ ಟಿಪ್ಪಣಿಗೆ ನೀವು ನಾಲ್ಕು ಪುಟಗಳ ಪ್ರತಿಕ್ರಿಯೆ ಕಳುಹಿಸಿದ್ದೀರಿ. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲದ ಕಾರಣ ಅದರ ತಿರುಳನ್ನು ಇತರ ಓದುಗರಿಗೆ ಹೇಳುತ್ತೇನೆ. ಆ ದ್ವೀಪದಲ್ಲಿ ಅರ್ಧ ಶತಮಾನದಿಂದ ಯುದ್ಧ ನಡೆದಿಲ್ಲ, ದಕ್ಷಿಣದಲ್ಲಿ ಗ್ರೀಕರೂ ಉತ್ತರದಲ್ಲಿ ತುರ್ಕರೂ ತಮ್ಮ ತಮ್ಮ ಪಾಡಿಗೆ ಬದುಕುತ್ತಿದ್ದಾರೆ, ಇರುವ ಗೆರೆಯನ್ನೇ ಗಡಿಯೆಂದು ಒಪ್ಪಿ ಎರಡು ದೇಶ ಮಾಡಿದರೆ ಕಥೆ ಮುಗಿಯುತ್ತದಲ್ಲ ಎಂಬುದು ನಿಮ್ಮ ವಾದ. ಕೊನೆಯಲ್ಲಿ ಕೇಳಿದ್ದೀರಿ: 'ನಮ್ಮ ಜನರಲ್ ತಿಮ್ಮಯ್ಯನವರು ಪ್ರಾಣ ಬಿಟ್ಟ ಆ ನೆಲದಲ್ಲಿ ವಿಶ್ವಸಂಸ್ಥೆಯ ಸೈನಿಕರು ಇನ್ನೆಷ್ಟು ವರ್ಷ ಕಾವಲು ನಿಲ್ಲಬೇಕು?'

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. 1964ರ ಮಾರ್ಚ್‌ನಲ್ಲಿ ಭದ್ರತಾ ಮಂಡಳಿಯ 186ನೇ ನಿರ್ಣಯದ ಮೂಲಕ ಶಾಂತಿಪಾಲನಾ ಪಡೆ ಹುಟ್ಟಿದಾಗ ಅದಕ್ಕೆ ಕೊಟ್ಟ ಅವಧಿ ಮೂರು ತಿಂಗಳು. ಮೊದಲ ದಂಡನಾಯಕ ಭಾರತದ ಪಿ.ಎಸ್. ಗ್ಯಾನಿ. ಜುಲೈನಲ್ಲಿ ತಿಮ್ಮಯ್ಯನವರು ಹೊಣೆ ವಹಿಸಿಕೊಂಡರು. ಮರುತಿಂಗಳೇ ವಾಯವ್ಯ ಕರಾವಳಿಯ ಕೊಕ್ಕಿನಾ ಬಳಿ ಕಾಳಗ ನಡೆದು ತುರ್ಕಿಯ ವಿಮಾನಗಳು ಬಾಂಬ್ ಹಾಕಿದವು. 1965ರ ಡಿಸೆಂಬರ್ 18ರಂದು, ಕರ್ತವ್ಯದಲ್ಲಿರುವಾಗಲೇ ಅವರು ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು. 1974ರ ಯುದ್ಧದ ವೇಳೆ ಪಡೆಯ ನಾಯಕರಾಗಿದ್ದವರೂ ಭಾರತೀಯರೇ, ದಿವಾನ್ ಪ್ರೇಮ್ ಚಂದ್. ಮೂರು ತಿಂಗಳಿಗೆಂದು ಹೋದ ಪಡೆ ಅರುವತ್ತು ವರ್ಷ ದಾಟಿದರೂ ಅಲ್ಲೇ ಇದೆ. ನಿಮ್ಮ ಬೇಸರ ನನಗೂ ಅರ್ಥವಾಗುತ್ತದೆ. ಆದರೆ ನೀವು ಸೂಚಿಸುವ ಪರಿಹಾರವನ್ನು ನಾನು ಒಪ್ಪುವುದಿಲ್ಲ. ಏಕೆಂದು ಹೇಳುತ್ತೇನೆ.

ಸೈಪ್ರಸ್ ಎಂದೊಡನೆ ಎಲ್ಲರೂ 1974ರಿಂದ ಕಥೆ ಆರಂಭಿಸುತ್ತಾರೆ. ನೀವೂ ಹಾಗೆಯೇ ಮಾಡಿದ್ದೀರಿ. ಗೆರೆ ಬಿದ್ದದ್ದು ಅದಕ್ಕೂ ಹತ್ತು ವರ್ಷ ಮೊದಲು. 1960ರಲ್ಲಿ ಬ್ರಿಟಿಷರಿಂದ ಬಿಡುಗಡೆಯಾದಾಗ ದ್ವೀಪದ ಜನರಲ್ಲಿ ಸುಮಾರು ಶೇ 78 ಗ್ರೀಕ್ ಸೈಪ್ರಿಯಟರು, ಶೇ 18 ತುರ್ಕಿ ಸೈಪ್ರಿಯಟರು. ಅಧ್ಯಕ್ಷ ಗ್ರೀಕ್, ಉಪಾಧ್ಯಕ್ಷ ತುರ್ಕಿ. ಸಂಸತ್ತಿನ 50 ಸ್ಥಾನಗಳಲ್ಲಿ 35 ಅವರಿಗೆ, 15 ಇವರಿಗೆ. ರಕ್ಷಣೆ ಮತ್ತು ವಿದೇಶ ವ್ಯವಹಾರಗಳಲ್ಲಿ ಇಬ್ಬರಿಗೂ ನಿಷೇಧಾಧಿಕಾರ. ಇದರ ಮೇಲೆ, ವ್ಯವಸ್ಥೆಗೆ ಧಕ್ಕೆ ಬಂದರೆ ಮಧ್ಯಪ್ರವೇಶಿಸಬಹುದೆಂದು ಗ್ರೀಸ್, ತುರ್ಕಿ ಮತ್ತು ಬ್ರಿಟನ್ ಸೇರಿ ಬರೆದುಕೊಟ್ಟ ಖಾತರಿ ಒಪ್ಪಂದ. ಬ್ರಿಟನ್ ತನ್ನ ಎರಡು ಸೇನಾನೆಲೆಗಳ 254 ಚದರ ಕಿಲೋಮೀಟರ್ ನೆಲವನ್ನು ಬಿಟ್ಟುಕೊಡಲೇ ಇಲ್ಲ; ಇಂದಿಗೂ ಬಿಟ್ಟಿಲ್ಲ. ಬಹುಸಂಖ್ಯಾತರ ನಾಯಕರಿಗೆ ಬೇಕಿದ್ದದ್ದು ಗ್ರೀಸಿನೊಂದಿಗೆ ವಿಲೀನ, ಅಲ್ಪಸಂಖ್ಯಾತರ ನಾಯಕರಿಗೆ ವಿಭಜನೆ. ಇಬ್ಬರಿಗೂ ಬೇಡವಾದ ಗಣರಾಜ್ಯದ ಈ ಹಂಚಿಕೆಯ ಆಡಳಿತ ಮೂರು ವರ್ಷ ಉಳಿಯಿತು.

1963ರ ಕೊನೆಯಲ್ಲಿ ಅಧ್ಯಕ್ಷ ಮಕಾರಿಯೋಸ್ ತುರ್ಕಿ ಸೈಪ್ರಿಯಟರ ಅಧಿಕಾರ ಮೊಟಕುಗೊಳಿಸುವ 13 ತಿದ್ದುಪಡಿಗಳನ್ನು ಸಂವಿಧಾನಕ್ಕೆ ಸೂಚಿಸಿದರು, ಡಿಸೆಂಬರ್‌ನಲ್ಲಿ ರಾಜಧಾನಿ ನಿಕೋಸಿಯಾದ ಬೀದಿಗಳಲ್ಲಿ ರಕ್ತ ಹರಿಯಿತು. ಬ್ರಿಟಿಷ್ ಸೇನಾಧಿಕಾರಿ ಪೀಟರ್ ಯಂಗ್ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಎಳೆದ ಗೆರೆಯೇ 'ಹಸಿರು ಗೆರೆ'. ಸುಮಾರು 25,000 ತುರ್ಕಿ ಸೈಪ್ರಿಯಟರು ಊರು ಬಿಟ್ಟು ಸಣ್ಣ ಸಣ್ಣ ಮುತ್ತಿಗೆಯ ಕೇರಿಗಳಲ್ಲಿ ವರ್ಷಗಟ್ಟಲೆ ಬದುಕಿದರು. ಇದನ್ನು ಮರೆತರೆ ಉತ್ತರದ ಜನರ ಭಯ ನಮಗೆ ಅರ್ಥವಾಗುವುದಿಲ್ಲ. 1974ರ ಜುಲೈ 15ರಂದು ಅಥೆನ್ಸಿನ ಸೇನಾಡಳಿತ ಮಕಾರಿಯೋಸರನ್ನು ಕ್ಷಿಪ್ರಕ್ರಾಂತಿಯಲ್ಲಿ ಉರುಳಿಸಿತು. ಐದು ದಿನಗಳ ನಂತರ ತುರ್ಕಿಯ ಸೇನೆ ಬಂದಿಳಿಯಿತು. ಅಥೆನ್ಸಿನ ಸೇನಾಡಳಿತ ಕುಸಿದ ಮೇಲೂ, ಜಿನೀವಾದಲ್ಲಿ ಮಾತುಕತೆ ಮುರಿದ ಆಗಸ್ಟ್ 14ರಂದು, ತುರ್ಕಿಯ ಸೇನೆ ಎರಡನೆಯ ದಾಳಿ ನಡೆಸಿ ದ್ವೀಪದ ಶೇ 36ಕ್ಕೂ ಹೆಚ್ಚು ಭಾಗವನ್ನು ಹಿಡಿಯಿತು. ಮೊದಲ ಇಳಿಯುವಿಕೆಗೆ ಖಾತರಿ ಒಪ್ಪಂದದ ನೆಪವಾದರೂ ಇತ್ತು. ಎರಡನೆಯದಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ. 1,60,000ಕ್ಕೂ ಹೆಚ್ಚು ಗ್ರೀಕ್ ಸೈಪ್ರಿಯಟರು ದಕ್ಷಿಣಕ್ಕೆ ಓಡಿದರು. ಸುಮಾರು 45,000 ತುರ್ಕಿ ಸೈಪ್ರಿಯಟರು ಉತ್ತರಕ್ಕೆ ಹೋದರು.

ಈಗ ನಿಮ್ಮ ವಾದಕ್ಕೆ ಬರುತ್ತೇನೆ. ಗೆರೆಯನ್ನು ಗಡಿಯಾಗಿಸುವುದೆಂದರೆ ಆ ಓಡಿಹೋದವರ ಮನೆ, ತೋಟ, ಅಂಗಡಿಗಳ ಒಡೆತನವನ್ನು ಅಳಿಸಿಹಾಕುವುದು. ಉತ್ತರದ ಖಾಸಗಿ ಜಮೀನಿನಲ್ಲಿ ಬಹುಪಾಲು 1974ಕ್ಕೆ ಮೊದಲು ಗ್ರೀಕ್ ಸೈಪ್ರಿಯಟರ ಹೆಸರಿನಲ್ಲಿತ್ತು, ಇಂದಿಗೂ ಅವರ ಕಪಾಟಿನಲ್ಲಿ ಪತ್ರಗಳಿವೆ. ಕೈರೀನಿಯಾದ ಟಿಟೀನಾ ಲೊಯಿಝಿದೂ ಎಂಬ ಮಹಿಳೆ ತುರ್ಕಿಯ ವಿರುದ್ಧ ಹೂಡಿದ ದಾವೆಯಲ್ಲಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯವು 1996ರಲ್ಲಿ ಆಕೆಯ ಒಡೆತನ ಅಳಿದಿಲ್ಲವೆಂದು ತೀರ್ಪು ಕೊಟ್ಟಿತು. ಅದೇ ನ್ಯಾಯಾಲಯ 2010ರಲ್ಲಿ, ಇಷ್ಟು ವರ್ಷಗಳ ನಂತರ ಅಲ್ಲಿ ವಾಸಿಸುವವರನ್ನೆಲ್ಲ ಎಬ್ಬಿಸಿ ಎಲ್ಲರಿಗೂ ಮನೆ ಮರಳಿಸಲಾಗದು, ಮೊದಲು ಉತ್ತರದಲ್ಲಿರುವ ಸ್ಥಿರಾಸ್ತಿ ಆಯೋಗಕ್ಕೆ ಹೋಗಬೇಕು ಎಂದೂ ಹೇಳಿತು. ಈ ಎರಡು ತೀರ್ಪುಗಳ ನಡುವೆ ಹದಿನಾಲ್ಕು ವರ್ಷಗಳ ಕಾಲ ಕಾಂಕ್ರೀಟು ಸುರಿದಿತ್ತು. ಆಸ್ತಿ ದಾವೆಯಲ್ಲಿ ಸ್ವಾಧೀನದಲ್ಲಿರುವವನಿಗೆ ವಾಯಿದೆ ಬಿದ್ದಷ್ಟೂ ಲಾಭ. ಸೈಪ್ರಸ್ಸಿನಲ್ಲಿ ನಡೆಯುತ್ತಿರುವುದೂ ಅದೇ. ಕೆಲವು ವರ್ಷಗಳಿಂದ ಆ ಜಮೀನುಗಳ ಮೇಲೆ ವಿದೇಶಿಯರಿಗೆಂದು ಅಪಾರ್ಟ್‌ಮೆಂಟುಗಳು ಏಳುತ್ತಿವೆ, ದಕ್ಷಿಣದಲ್ಲಿರುವ ಗಣರಾಜ್ಯದ ಪೊಲೀಸರು ಅವನ್ನು ಮಾರುವವರನ್ನು ಬಂಧಿಸುತ್ತಿದ್ದಾರೆ. ಪರಿಹಾರ ಧನ, ಬದಲಿ ಜಮೀನು, ಆಯ್ದ ಕಡೆ ಮರಳಿಕೆ, ಈ ಮೂರನ್ನೂ ಬೆರೆಸಿದ ಒಂದು ಒಪ್ಪಂದವಿಲ್ಲದೆ ಯಾವ ಗಡಿಯೂ ಅಲ್ಲಿ ಕಾನೂನಿನ ಗಡಿಯಾಗದು.

ಎರಡನೆಯ ಕಾರಣ ನನ್ನ ಮಟ್ಟಿಗೆ ಇನ್ನೂ ಮುಖ್ಯ. ಎರಡು ದೇಶಗಳಾದರೆ ತುರ್ಕಿ ಸೈಪ್ರಿಯಟರಿಗೆ ಸ್ವಾತಂತ್ರ್ಯ ಸಿಗುತ್ತದೆ ಎಂದು ನೀವು ಭಾವಿಸಿದ್ದೀರಿ. 1983ರ ನವೆಂಬರ್ 15ರಂದು ಅವರು ಘೋಷಿಸಿದ ರಾಷ್ಟ್ರವನ್ನು ತುರ್ಕಿ ಬಿಟ್ಟರೆ ಯಾರೂ ಮಾನ್ಯ ಮಾಡಿಲ್ಲ; ಭದ್ರತಾ ಮಂಡಳಿ 541 ಮತ್ತು 550ನೇ ನಿರ್ಣಯಗಳಲ್ಲಿ ಅದನ್ನು ತಿರಸ್ಕರಿಸಿತು. ಅವರ ನಾಣ್ಯ ಲಿರಾ, ಬಜೆಟ್ಟಿಗೆ ತುರ್ಕಿಯ ರಾಜಧಾನಿ ಅಂಕಾರಾದ ಹಣ, ಕುಡಿಯುವ ನೀರಿಗೂ 2015ರಿಂದ ಸಮುದ್ರದೊಳಗಿನ ಕೊಳವೆ. ಅಲ್ಲಿ ಹತ್ತಾರು ಸಾವಿರ ತುರ್ಕಿ ಸೈನಿಕರಿದ್ದಾರೆ. 2025ರಲ್ಲಿ ಶಾಲೆಗಳಲ್ಲಿ ಹಿಜಾಬ್‌ಗೆ ಅವಕಾಶ ಕೊಟ್ಟ ನಿಯಮದ ವಿರುದ್ಧ ಅಲ್ಲಿನ ಶಿಕ್ಷಕರ ಸಂಘಗಳು ಬೀದಿಗಿಳಿದಾಗ, ಸಾವಿರಾರು ಜನ ಜೊತೆಗೂಡಿದ್ದು ಬಟ್ಟೆಯ ಪ್ರಶ್ನೆಗಷ್ಟೇ ಅಲ್ಲ. ತಮ್ಮ ಬದುಕಿನ ರೀತಿಯನ್ನು ಅಂಕಾರಾ ತೀರ್ಮಾನಿಸುತ್ತಿದೆ ಎಂಬ ಆತಂಕಕ್ಕೆ. ಅದೇ ಅಕ್ಟೋಬರ್‌ನಲ್ಲಿ ಉತ್ತರದ ಮತದಾರರು ತಮ್ಮ ನಾಯಕರಾಗಿದ್ದ, ಎರಡು ರಾಷ್ಟ್ರಗಳ ವಾದಿ ಎರ್ಸಿನ್ ತತಾರ್ ಅವರನ್ನು ಸೋಲಿಸಿ, ಎರಡೂ ಸಮುದಾಯಗಳು ಒಂದೇ ದೇಶದಲ್ಲಿ ಸೇರುವ ಒಕ್ಕೂಟದ ಪರವಾಗಿರುವ ತುಫಾನ್ ಎರ್ಹುರ್ಮಾನ್ ಅವರಿಗೆ ಶೇ 62ಕ್ಕೂ ಹೆಚ್ಚು ಮತ ಕೊಟ್ಟರು. ಫಲಿತಾಂಶ ಬಂದೊಡನೆ ತುರ್ಕಿಯ ಅಧ್ಯಕ್ಷ ಎರ್ದೊವಾನ್ ಅವರ ಮಿತ್ರಪಕ್ಷದ ನಾಯಕ ದೆವ್ಲೆತ್ ಬಹ್ಚೆಲಿ, ಉತ್ತರ ಸೈಪ್ರಸ್ ತುರ್ಕಿಯೊಂದಿಗೆ ಸೇರಿಕೊಳ್ಳುವ ತೀರ್ಮಾನ ಮಾಡಬೇಕು ಎಂದರು. ಎರಡು ರಾಷ್ಟ್ರಗಳ ಹಾದಿ ಕೊನೆಗೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಹಾಗಾದರೆ ಒಕ್ಕೂಟ ಸಾಧ್ಯವೇ? ಅದರ ಚೌಕಟ್ಟು ಹೊಸದಲ್ಲ. ಮಕಾರಿಯೋಸ್ ಮತ್ತು ತುರ್ಕಿ ಸೈಪ್ರಿಯಟರ ನಾಯಕ ರೌಫ್ ಡೆಂಕ್ತಾಶ್ 1977ರಲ್ಲೇ ಎರಡು ಸಮುದಾಯಗಳ ಒಕ್ಕೂಟಕ್ಕೆ ಒಪ್ಪಿದ್ದರು. ಜೊತೆಗೆ ಕೆಲಸ ಮಾಡಲಾಗದು ಎಂಬುದೂ ಸುಳ್ಳು. ಯುದ್ಧ ಮುಗಿದ ನಾಲ್ಕೈದು ವರ್ಷಗಳಲ್ಲೇ ನಿಕೋಸಿಯಾದ ಇಬ್ಬರು ಮೇಯರ್‌ಗಳು, ಲೆಲೋಸ್ ದಿಮಿತ್ರಿಯಾದಿಸ್ ಮತ್ತು ಮುಸ್ತಫಾ ಅಕಿಂಜಿ, ಒಡೆದ ನಗರಕ್ಕೆ ಒಂದೇ ಒಳಚರಂಡಿ ಜಾಲ ಕಟ್ಟಲು ಕೈಜೋಡಿಸಿದರು. ನೆಲದ ಮೇಲೆ ಮರಳಿನ ಚೀಲ, ಮುಳ್ಳುತಂತಿ. ನೆಲದ ಕೆಳಗೆ ಎರಡೂ ಕಡೆಯ ಕೊಳಕು ನೀರು ಒಂದೇ ಶುದ್ಧೀಕರಣ ಘಟಕಕ್ಕೆ ಹರಿಯುತ್ತಿತ್ತು. ಆ ಅಕಿಂಜಿಯವರೇ ಮುಂದೆ ತುರ್ಕಿ ಸೈಪ್ರಿಯಟರ ನಾಯಕರಾಗಿ, ಗಣರಾಜ್ಯದ ಅಧ್ಯಕ್ಷ ನಿಕೋಸ್ ಅನಸ್ತಾಸಿಯಾದಿಸ್ ಜೊತೆ ಮಾತುಕತೆಗೆ ಕುಳಿತರು. 2017ರ ಜನವರಿಯಲ್ಲಿ ಜಿನೀವಾದಲ್ಲಿ ಇಬ್ಬರೂ ತಮ್ಮ ತಮ್ಮ ನಕ್ಷೆಗಳನ್ನು ವಿಶ್ವಸಂಸ್ಥೆಗೆ ಒಪ್ಪಿಸಿದಾಗ, ತುರ್ಕಿ ಸೈಪ್ರಿಯಟ್ ವಲಯದ ವಿಸ್ತಾರದ ಬಗ್ಗೆ ಉಳಿದಿದ್ದ ಅಂತರ ದ್ವೀಪದ ಶೇ 1ರಷ್ಟು ಮಾತ್ರ. ಆದರೂ ಜುಲೈನಲ್ಲಿ ಸ್ವಿಟ್ಜರ್ಲೆಂಡಿನ ಕ್ರಾನ್ಸ್-ಮೊಂತಾನಾದಲ್ಲಿ, ತುರ್ಕಿಯ ಸೇನೆ, ಖಾತರಿಯ ಹಕ್ಕು ಮತ್ತು ಅಧಿಕಾರ ಹಂಚಿಕೆಯ ವಿಷಯದಲ್ಲಿ ಎಲ್ಲ ಮುರಿದುಬಿತ್ತು.

ಶೇ 1ರಷ್ಟು ನೆಲದ ಅಂತರಕ್ಕೆ ಬಂದವರು ಏಕೆ ಬರಿಗೈಯಲ್ಲಿ ಎದ್ದುಹೋದರು? ಮುರಿದುಹೋದರೆ ಮೇಜಿನ ಸುತ್ತ ಕುಳಿತ ಬಲಿಷ್ಠರು ಯಾರೂ ಏನನ್ನೂ ಕಳೆದುಕೊಳ್ಳುವಂತಿರಲಿಲ್ಲ ಎಂಬುದು ನನ್ನ ಉತ್ತರ. 2004ರ ಏಪ್ರಿಲ್ 24ರ ಜನಮತಗಣನೆಯನ್ನು ನೋಡಿ. ದ್ವೀಪವನ್ನು ಒಗ್ಗೂಡಿಸಲು ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ಮುಂದಿಟ್ಟ ಯೋಜನೆಗೆ ತುರ್ಕಿ ಸೈಪ್ರಿಯಟರಲ್ಲಿ ಶೇ 65 ಮಂದಿ ಹೌದು ಎಂದರು, ಗ್ರೀಕ್ ಸೈಪ್ರಿಯಟರಲ್ಲಿ ಶೇ 76 ಮಂದಿ ಬೇಡ ಎಂದರು. ಬೇಡ ಎಂದವರನ್ನು ನಾನು ಹೀಗಳೆಯುವುದಿಲ್ಲ. ತುರ್ಕಿಯ ಸೈನಿಕರು ಉಳಿಯುವ, ಮನೆ ಮರಳಿಕೆ ಮಿತಿಗೊಳಗಾಗುವ ಯೋಜನೆ ಅದು, ಅವರ ಅಂಜಿಕೆಗೆ ಆಧಾರವಿತ್ತು. ಆದರೆ ಪರಿಹಾರವಾಗದಿದ್ದರೂ ಸದಸ್ಯತ್ವ ಕೊಡಬಹುದು ಎಂದು ಐರೋಪ್ಯ ಒಕ್ಕೂಟ 1999ರಲ್ಲೇ ಹೆಲ್ಸಿಂಕಿಯಲ್ಲಿ ಬಾಗಿಲು ತೆರೆದಿಟ್ಟಿತ್ತು. ಮತದಾನವಾದ ಒಂದು ವಾರಕ್ಕೆ, ಮೇ 1ರಂದು, ಗಣರಾಜ್ಯ ಐರೋಪ್ಯ ಒಕ್ಕೂಟದೊಳಗಿತ್ತು. ಹೌದು ಎಂದ ಉತ್ತರದವರು ಹೊರಗೇ ಉಳಿದರು. ಅವರಿಗೆ ನೇರ ವ್ಯಾಪಾರದ ಅವಕಾಶ ಕೊಡುವ ಮಾತೂ ಕಡತದಲ್ಲೇ ಉಳಿಯಿತು. ಆ ಅನ್ಯಾಯವೇ ಮುಂದಿನ ಇಪ್ಪತ್ತು ವರ್ಷ ಉತ್ತರದಲ್ಲಿ ತತಾರ್ ಅವರಂಥವರ ಕೈ ಬಲಪಡಿಸಿತು.

ಇತ್ತ ತುರ್ಕಿಗೂ 2017ರ ಸೋಲಿನಿಂದ ನಷ್ಟವಾಗಲಿಲ್ಲ. 2020ರ ಅಕ್ಟೋಬರ್‌ನಲ್ಲಿ, ಗ್ರೀಕ್ ಸೈಪ್ರಿಯಟರು ಬಿಟ್ಟು ಓಡಿದ ಮೇಲೆ 46 ವರ್ಷ ಬೇಲಿಯೊಳಗಿದ್ದ ವರೋಷಾ ಪಟ್ಟಣದ ಒಂದು ಭಾಗವನ್ನು ಅದರ ಬೆಂಬಲದಿಂದಲೇ ತೆರೆದರು. ಮಾಲೀಕರು ತಮ್ಮದೇ ಹೋಟೆಲು, ಮನೆಗಳ ಮುಂದೆ ಪ್ರವಾಸಿಗರಂತೆ ನಡೆದುಹೋಗಬೇಕಾಯಿತು.

ಆದ್ದರಿಂದಲೇ ಎರ್ಹುರ್ಮಾನ್ ಮುಂದಿಟ್ಟಿರುವ ನಾಲ್ಕು ಷರತ್ತುಗಳನ್ನು ನಾನು ಗಂಭೀರವಾಗಿ ಪರಿಗಣಿಸುತ್ತೇನೆ. ಸರದಿ ಅಧ್ಯಕ್ಷತೆಯೂ ಸೇರಿದಂತೆ ರಾಜಕೀಯ ಸಮಾನತೆಯನ್ನು ಮೊದಲೇ ಒಪ್ಪಬೇಕು, ಮಾತುಕತೆಗೆ ಕಾಲಮಿತಿ ಬೇಕು, ಹಿಂದೆ ಒಪ್ಪಿದ ಅಂಶಗಳನ್ನು ಮತ್ತೆ ಕೆದಕಬಾರದು. ಗ್ರೀಕ್ ಸೈಪ್ರಿಯಟರು ಮತ್ತೊಮ್ಮೆ ಎದ್ದುಹೋದರೆ ತುರ್ಕಿ ಸೈಪ್ರಿಯಟರು ಹಳೆಯ ಸ್ಥಿತಿಗೇ ಮರಳುವಂತಾಗಬಾರದು. ನಾಲ್ಕನೆಯದನ್ನು ದಕ್ಷಿಣದ ಪತ್ರಿಕೆಗಳು ಬೆದರಿಕೆ ಎಂದು ಓದುವುದು ಸಹಜ. ನನಗೆ ಅದು ನ್ಯಾಯವೆನಿಸುತ್ತದೆ, ಆದರೆ ಅರ್ಧ ನ್ಯಾಯ. ತುರ್ಕಿ ಎದ್ದುಹೋದರೆ ಅದಕ್ಕೇನು ದಂಡ ಎಂಬುದೂ ಅಷ್ಟೇ ಸ್ಪಷ್ಟವಾಗಿ ಬರೆಯಲ್ಪಡಬೇಕು. ಹಾಗೆ ಬರೆಯಬಲ್ಲವರು ಐರೋಪ್ಯ ಒಕ್ಕೂಟದವರು. ಕಸ್ಟಮ್ಸ್ ಒಪ್ಪಂದದ ನವೀಕರಣ, ವೀಸಾ ಸಡಿಲಿಕೆ, ರಕ್ಷಣಾ ಸಾಮಗ್ರಿಯ ಯೋಜನೆಗಳಲ್ಲಿ ಪಾಲು, ಇವೆಲ್ಲ ಅಂಕಾರಾಕ್ಕೆ ಬೇಕಾಗಿವೆ. ಅವನ್ನು ಸೈಪ್ರಸ್ ಮಾತುಕತೆಯ ಹಂತಗಳಿಗೆ ಕಟ್ಟಬೇಕು: ಸೇನೆ ಇಷ್ಟು ಕಡಿಮೆಯಾದಾಗ ಇದು, ವರೋಷಾ ಮಾಲೀಕರ ಕೈ ಸೇರಿದಾಗ ಅದು. ದಕ್ಷಿಣಕ್ಕೂ ಹೀಗೆಯೇ: ಸಮಾನತೆಯನ್ನು ನಿರಾಕರಿಸಿದರೆ ಉತ್ತರದ ಬಂದರುಗಳೊಂದಿಗೆ ನೇರ ವ್ಯಾಪಾರಕ್ಕೆ ಒಡ್ಡಿರುವ ತಡೆ ತಾನಾಗಿ ಬೀಳಬೇಕು. ಇಬ್ಬರಿಗೂ ಸೋಲಿನ ಬೆಲೆ ಮೊದಲೇ ಗೊತ್ತಿದ್ದರೆ, 2017ರ ಶೇ 1ರ ಅಂತರ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಮಾತು.

ಭಾರತದ ನಿಲುವನ್ನೂ ನೀವು ಕೇಳಿದ್ದೀರಿ. ವಿಶ್ವಸಂಸ್ಥೆಯ ನಿರ್ಣಯಗಳಿಗೆ ಅನುಗುಣವಾದ, ಎರಡು ವಲಯ, ಎರಡು ಸಮುದಾಯಗಳ ಒಕ್ಕೂಟಕ್ಕೆ ಭಾರತದ ಬೆಂಬಲ ಹಳೆಯದು. 2025ರ ಜೂನ್‌ನಲ್ಲಿ ಪ್ರಧಾನಿ ಮೋದಿ ನಿಕೋಸಿಯಾಕ್ಕೆ ಹೋದಾಗ ಅದು ಮತ್ತೆ ದೃಢಪಟ್ಟಿತು. ತುರ್ಕಿ ಪಾಕಿಸ್ತಾನದ ಪರ ನಿಂತದ್ದರಿಂದ ಈ ಬೆಂಬಲಕ್ಕೆ ಈಗ ಹೊಸ ಹುರುಪು ಬಂದಿದೆ. ತುರ್ಕಿಯನ್ನು ಚುಚ್ಚುವ ಕಡ್ಡಿಯಾಗಿ ಮಾತ್ರ ಸೈಪ್ರಸ್ಸನ್ನು ನೋಡಿದರೆ ನಾವು ಅಲ್ಲಿಗೆ ಕಳುಹಿಸಿದ ಮೂವರು ದಂಡನಾಯಕರ ಕೆಲಸಕ್ಕೆ ಅನ್ಯಾಯ ಮಾಡಿದಂತೆ. ಅವರು ಕಾದದ್ದು ಎರಡೂ ಸಮುದಾಯಗಳನ್ನು.

ಒಂದು ಕೆಲಸ ಮಾತ್ರ ಯಾವ ಒಪ್ಪಂದಕ್ಕೂ ಕಾಯದೆ ನಡೆದಿದೆ. ಎರಡೂ ಕಡೆಯ ತಜ್ಞರು ಒಟ್ಟಾಗಿ ದುಡಿಯುವ ಕಾಣೆಯಾದವರ ಸಮಿತಿಯ ಪಟ್ಟಿಯಲ್ಲಿ 2,002 ಹೆಸರುಗಳಿದ್ದವು: 1,510 ಗ್ರೀಕ್ ಸೈಪ್ರಿಯಟರು, 492 ತುರ್ಕಿ ಸೈಪ್ರಿಯಟರು. ಬಾವಿ, ಹೊಲ, ಕಣಿವೆಗಳಲ್ಲಿ ಅಗೆದು ಅವರಲ್ಲಿ ಸಾವಿರಕ್ಕೂ ಹೆಚ್ಚು ಜನರ ಅವಶೇಷಗಳನ್ನು ಗುರುತಿಸಿ ಮನೆಯವರಿಗೆ ಒಪ್ಪಿಸಿದ್ದಾರೆ. ಎಲ್ಲಿ ಹೂತಿದ್ದೇವೆಂದು ಬಲ್ಲ ಮುದುಕರು ತೀರಿಹೋಗುತ್ತಿದ್ದಾರೆ. ಯುದ್ಧವಿಲ್ಲದ್ದರಿಂದ ಕಾಯಬಹುದು ಎನ್ನುವವರಿಗೆ ನಾನು ತೋರಿಸುವುದು ಈ ಪಟ್ಟಿಯನ್ನೇ.

ನಾನು ಆಶಾವಾದಿಯೇ ಎಂದು ಕೇಳಿದರೆ, 2017ರ ನಂತರ ಇದೇ ಅತ್ಯುತ್ತಮ ಅವಕಾಶ ಎನ್ನುವಷ್ಟು ಮಾತ್ರ. ಅಂಕಾರಾ ಎರಡು ರಾಷ್ಟ್ರಗಳ ಮಾತನ್ನು ಇನ್ನೂ ಕೈಬಿಟ್ಟಿಲ್ಲ, ದಕ್ಷಿಣದಲ್ಲಿ ಅಧ್ಯಕ್ಷ ನಿಕೋಸ್ ಕ್ರಿಸ್ತೊದೂಲಿದಿಸ್ ಸರದಿ ಅಧ್ಯಕ್ಷತೆಗೆ ತಮ್ಮ ಮತದಾರರನ್ನು ಸಿದ್ಧಪಡಿಸಿಲ್ಲ. 2025ರ ಮಾರ್ಚ್‌ನಲ್ಲಿ ಜಿನೀವಾದಲ್ಲಿ ಹಸಿರು ಗೆರೆಯನ್ನು ದಾಟುವ ನಾಲ್ಕು ಹೊಸ ದಾರಿಗಳನ್ನು ತೆರೆಯಲು ಒಪ್ಪಿದ ಎರಡೂ ಕಡೆಯವರು ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಸೇರಿದಾಗ ಅವು ಎಲ್ಲಿರಬೇಕೆಂದು ತೀರ್ಮಾನಿಸಲಾಗದೆ ಎದ್ದರು. ನೀವು ಪತ್ರಿಕೆಗಳಲ್ಲಿ ಶೃಂಗಸಭೆಗಳ ಚಿತ್ರಗಳನ್ನು ಬಿಟ್ಟು ಆ ದಾರಿಗಳ ಸುದ್ದಿಯನ್ನು ಹುಡುಕಿ. ನಿಕೋಸಿಯಾದ ಪೂರ್ವಕ್ಕೆ ಮಿಯಾ ಮಿಲಿಯಾ ಬಳಿ ತುರ್ಕಿ ಸೈಪ್ರಿಯಟರು ಕೇಳುತ್ತಿರುವ ದಾರಿಯೂ ಅಥಿಯೆನೌ ಕಡೆಗೆ ಗ್ರೀಕ್ ಸೈಪ್ರಿಯಟರು ಕೇಳುತ್ತಿರುವ ದಾರಿಯೂ ಒಂದೇ ದಿನ ತೆರೆದ ಸುದ್ದಿ ಬಂದರೆ ನನಗೆ ಇನ್ನೊಂದು ಪತ್ರ ಬರೆಯಿರಿ, ಅದನ್ನು ಪೂರ್ತಿಯಾಗಿ ಪ್ರಕಟಿಸುತ್ತೇನೆ.

— ಸಂಪಾದಕ