ದುಡ್ಡಿನ ಕಷ್ಟಕ್ಕೂ ಮೆದುಳಿಗೂ ಸಂಬಂಧ ಇದೆಯಾ?

ಅಡಿಕೆ ಕೊಯ್ಲಿಗೆ ಮುಂಚಿನ ತಿಂಗಳುಗಳಲ್ಲಿ ಅಪ್ಪಯ್ಯನಿಗೆ ಸಣ್ಣ ಲೆಕ್ಕವೂ ತಪ್ಪುತ್ತದೆ, ಇದಕ್ಕೆ ಕಷ್ಟವೇ ಕಾರಣವಾ ಅಂತ ತೀರ್ಥಹಳ್ಳಿಯಿಂದ ಕೇಳಿದ್ದೀರಿ.

ಇರಬಹುದು. ಆದರೆ ಬುದ್ಧಿ ಕಮ್ಮಿಯಾಗಿದೆ ಅಂತಲ್ಲ, ತಲೆಯಲ್ಲಿ ಜಾಗ ಸಾಲುತ್ತಿಲ್ಲ. ಮನಸ್ಸು ಒಂದು ಸಲಕ್ಕೆ ಹಿಡಿದಿಟ್ಟುಕೊಳ್ಳುವುದು ನಾಲ್ಕೈದು ವಿಷಯ ಮಾತ್ರ. ಕೊಳೆ ರೋಗ ಬಿದ್ದ ತೋಟ, ಮದ್ದು ಹೊಡೆದವರ ಕೂಲಿ, ಸೊಸೈಟಿ ಸಾಲದ ಕಂತು ಇಷ್ಟೂ ಒಳಗೆ ಸುತ್ತುತ್ತಿದ್ದರೆ ಎದುರಿಗಿರುವ ಲೆಕ್ಕಕ್ಕೆ ಉಳಿಯುವುದು ಎಷ್ಟು?

ತಮಿಳುನಾಡಿನಲ್ಲಿ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಪರೀಕ್ಷೆ ಮಾಡಿದ್ದರು. ಫಲಿತಾಂಶ ಬಂದದ್ದು 2013ರಲ್ಲಿ. ಅದೇ ಜನ, ಅದೇ ತಲೆ. ಕೈ ಬರಿದಾಗಿದ್ದಾಗ ಆಕಾರ ಜೋಡಿಸುವ ಒಗಟುಗಳಲ್ಲಿ ಹಿಂದೆ ಬಿದ್ದವರು, ದುಡ್ಡು ಬಂದ ಮೇಲೆ ಚೆನ್ನಾಗಿ ಬಿಡಿಸಿದರು. ನನಗೆ ತುಂಬಾ ಮುಖ್ಯ ಅನ್ನಿಸುವುದು ಇದೇ.

ಮಕ್ಕಳ ವಿಷಯ ಸ್ವಲ್ಪ ಬೇರೆ, ಅವರ ಮೆದುಳು ಇನ್ನೂ ಬೆಳೆಯುತ್ತಿರುತ್ತದೆ ಅಲ್ವಾ. 2015ರ ಅಮೆರಿಕದ ಅಧ್ಯಯನದಲ್ಲಿ, ತೀರಾ ಬಡ ಮನೆಗಳ ನಡುವೆ ಆದಾಯ ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ಮಕ್ಕಳ ಮೆದುಳಿನ ಹೊರಪದರದ ವಿಸ್ತೀರ್ಣದಲ್ಲಿ ದೊಡ್ಡ ವ್ಯತ್ಯಾಸ ಕಂಡಿತ್ತು. ಇದು ಸರಾಸರಿ ಮಾತು, ಯಾವ ಮಗುವಿನ ಹಣೆಬರಹವೂ ಅಲ್ಲ. ಇನ್ನು ಮುಪ್ಪಿನಲ್ಲಿ, ಚಿಕ್ಕಂದಿನಲ್ಲಿ ಶಾಲೆ ಸಿಗದವರಿಗೆ ಮರೆವಿನ ಕಾಯಿಲೆಯ ಅಪಾಯ ಜಾಸ್ತಿ.

ಅಪ್ಪಯ್ಯನ ಮೇಲೆ ಸಿಟ್ಟಾಗಬೇಡಿ. ಕೂಲಿ ಲೆಕ್ಕದ ಪುಸ್ತಕ ಈ ಎರಡು ತಿಂಗಳು ನೀವೇ ಬರೆಯಿರಿ. ಅಡಿಕೆ ಮಾರಿ ಸಾಲ ತೀರಿದ ಮೇಲೂ ತಪ್ಪುತ್ತಿದ್ದರೆ ಸುಮ್ನೆ ಬಿಡಬೇಡಿ, ಡಾಕ್ಟರಿಗೆ ತೋರಿಸಿ.