ತಮಾರಾ ಎಂಬ ಹೆಸರಿನೊಳಗಿನ ಮರ

ಮಾನ್ಯರೇ,

ಅಮೆರಿಕದಲ್ಲಿ ಹುಟ್ಟಿದ ಮೊಮ್ಮಗಳಿಗೆ ಮಗ-ಸೊಸೆ ‘ತಮಾರಾ’ ಎಂದು ಹೆಸರಿಟ್ಟಿದ್ದಾರೆ, ಅದು ‘ತಾಮರಸ’ದಿಂದ, ಎಂದರೆ ತಾವರೆಯಿಂದ, ಬಂದದ್ದಲ್ಲವೇ, ನಾಮಕರಣದ ಕರೆಯೋಲೆಯಲ್ಲಿ ಹೇಗೆ ಅಚ್ಚು ಹಾಕಿಸಬೇಕು ಎಂದು ಕೇಳಿದ್ದೀರಿ. ತಾವರೆಯ ಹಳೆಯ ರೂಪ ‘ತಾಮರೆ’ಯೇ ಆಗಿರುವುದರಿಂದ ಕಿವಿಗೆ ಹಾಗೆ ಕೇಳಿಸುವುದು ಸಹಜ. ಆದರೆ ಎರಡಕ್ಕೂ ನಂಟಿಲ್ಲ. ಹೀಬ್ರೂ ಭಾಷೆಯ ‘ತಾಮಾರ್’ ಎಂಬ ಹೆಸರಿಗೆ ರಷ್ಯನ್ನರ ಬಾಯಲ್ಲಿ ಬಂದ ರೂಪ ತಮಾರಾ. ಅರ್ಥ, ಖರ್ಜೂರದ ಮರ. ಬೈಬಲಿನ ಪರಮಗೀತೆಯಲ್ಲಿ ಪ್ರಿಯತಮೆಯ ನೀಳ ನಿಲುವನ್ನು ಹೋಲಿಸಿರುವುದೂ ಇದೇ ಮರಕ್ಕೆ.

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 38ನೇ ಅಧ್ಯಾಯದ ತಾಮಾರ್ ಯೆಹೂದನ ಸೊಸೆ. ಇಬ್ಬರು ಗಂಡಂದಿರನ್ನು ಕಳೆದುಕೊಂಡ ಆಕೆಗೆ ಮೂರನೆಯ ಮಗನನ್ನು ಕೊಡುವೆನೆಂದ ಮಾವ ಮಾತಿಗೆ ತಪ್ಪಿದಾಗ, ಮುಸುಕು ಹಾಕಿಕೊಂಡು ದಾರಿ ಬದಿಯಲ್ಲಿ ಕುಳಿತ ಅವಳನ್ನು ವೇಶ್ಯೆಯೆಂದೇ ಬಗೆದು ಆತ ಕೂಡುತ್ತಾನೆ. ತನ್ನ ಮುದ್ರೆ, ಅದರ ದಾರ, ಕೈಕೋಲುಗಳನ್ನು ಅಡವಿಡುತ್ತಾನೆ. ಮುಂದೆ ಬಸುರಿಯಾದ ಸೊಸೆಯನ್ನು ಸುಡಿರೆಂದು ಅವನೇ ಹೇಳಿದಾಗ ಅವಳು ಆ ಮೂರು ವಸ್ತುಗಳನ್ನು ಕಳುಹಿಸಿ, ಇವು ಯಾರವೋ ಅವನಿಂದಲೇ ಬಸುರಾದೆ ಎನ್ನುತ್ತಾಳೆ. ನನಗಿಂತ ಅವಳೇ ನೀತಿವಂತೆ ಎಂದು ಮಾವ ಒಪ್ಪಿಕೊಳ್ಳಬೇಕಾಗುತ್ತದೆ. ಅರಸ ದಾವೀದ ಅವಳ ಸಂತತಿಯವನು. ಅವನ ಮಗಳಿಗೂ ಇದೇ ಹೆಸರು, ಆ ಕಥೆ ಇನ್ನೂ ದಾರುಣ.

ಹೆಸರಿಗೆ ರಾಜಕಳೆ ಬಂದದ್ದು ರಷ್ಯದ ನೆರೆಯ ಜಾರ್ಜಿಯಾ ದೇಶದಲ್ಲಿ. ಅಲ್ಲಿ 1184ರಿಂದ 1213ರವರೆಗೆ ಆಳಿದ ತಾಮಾರಳನ್ನು ಜನ ‘ಮೆಪೆ’, ಎಂದರೆ ದೊರೆ, ಎಂದೇ ಕರೆದರು. ರಷ್ಯದಲ್ಲಿ ತಮಾರಾ ಸಾಮಾನ್ಯ ಹೆಸರಾಯಿತು; ಬ್ಯಾಲೆ ಕಲಾವಿದೆ ತಮಾರಾ ಕರ್ಸಾವಿನಾ ಅದನ್ನು ಹೊತ್ತವರಲ್ಲಿ ಒಬ್ಬರು. ಇಸ್ರೇಲಿನಲ್ಲಿ ಮೂಲರೂಪವೇ ಉಳಿದಿದ್ದು, 2010ರ ದಶಕದ ಕೊನೆಯ ವರ್ಷಗಳಲ್ಲಿ ಯಹೂದಿ ಹೆಣ್ಣುಮಕ್ಕಳಿಗೆ ಅತಿ ಹೆಚ್ಚಾಗಿ ಇಟ್ಟ ಹೆಸರುಗಳಲ್ಲಿ ಅದು ಮುಂಚೂಣಿಯಲ್ಲಿತ್ತು.

ನಮ್ಮ ಅಡುಗೆಮನೆಯ ನಂಟೊಂದು ಮಾತ್ರ ನಿಜವಾಗಿಯೂ ಇದೆ. ಅರಬ್ಬಿಯಲ್ಲಿ ಖರ್ಜೂರಕ್ಕೆ ‘ತಮ್ರ್’ ಎನ್ನುತ್ತಾರೆ. ಹೀಬ್ರೂ ಪದದ ಒಡಹುಟ್ಟು ಅದು. ಸಿಪ್ಪೆ ಸುಲಿದ ಹುಣಸೆಹಣ್ಣಿನ ಕಂದು ಬಣ್ಣದ ಅಂಟು ತಿರುಳನ್ನು ಕಂಡ ಅರಬರು ಅದನ್ನು ‘ತಮ್ರ್ ಹಿಂದಿ’, ಹಿಂದೂಸ್ಥಾನದ ಖರ್ಜೂರ, ಎಂದರು. ಇಂಗ್ಲಿಷಿನ ‘ಟ್ಯಾಮರಿಂಡ್’ ಬಂದದ್ದು ಅದರಿಂದಲೇ. (ಹುಣಸೆಮರದ ತವರು ಆಫ್ರಿಕಾ ಎಂಬುದು ಬೇರೆ ಮಾತು.)

ಇನ್ನು ಕರೆಯೋಲೆಯ ವಿಷಯ. ರಷ್ಯನ್ನರು ನಡುವಿನ ‘ಮಾ’ ಅಕ್ಷರವನ್ನು ಒತ್ತಿ ಹೇಳುವುದರಿಂದ ‘ತಮಾರಾ’ ಸರಿ. ಅಮೆರಿಕದಲ್ಲಿ ‘ಟ್ಯಾಮರ’ ಎನ್ನುವವರೂ ಇದ್ದಾರೆ. ಅಚ್ಚಿಗೆ ಕೊಡುವ ಮುನ್ನ ಸೊಸೆಗೆ ಒಮ್ಮೆ ಫೋನ್ ಮಾಡಿ, ಮಗುವನ್ನು ಹೇಗೆ ಕರೆಯುತ್ತಾರೆಂದು ಕೇಳಿಕೊಳ್ಳಿ.

– ಸಂಪಾದಕ